ಜಾಂಗೋ ಎಂಬ ಚೌಕಟ್ಟು ಯಾತಕ್ಕೆ?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವರು. ಅವರು ಊರಿಗೆ ಬಂದಾಗ ಆಡುವ ‘ಜಾಂಗೋ’ ಎಂಬ ಮಾತನ್ನು ಕೇಳಿ, ಅದೇನೆಂದು ತಾಯಿತಂದೆಗಳು ನಮ್ಮನ್ನು ಪ್ರಶ್ನಿಸುವುದುಂಟು. ಅದನ್ನು ಯಥಾಮತಿ ಇಲ್ಲಿ ವಿವರಿಸುವೆವು.

ಕೈಲಾಂಚದ ಸುತ್ತಣ ರೇಷ್ಮೆ ಬೆಳೆಗಾರರು ಚಂದ್ರಿಕೆಯನ್ನು ಬಲ್ಲರಷ್ಟೆ. ಹುಳು ಹಣ್ಣಾಗುವ ವೇಳೆಗೆ ಹೆಣೆದ ಚಂದ್ರಿಕೆ ಸಿದ್ಧವಾಗಿರಬೇಕು. ಆಗ ಬಿದಿರು ಸೀಳುತ್ತ ಕುಳಿತರೆ ಬೆಳೆ ಕೆಡುವುದು. ಆದರೆ ಗೂಡು ಕಟ್ಟುವುದು ಹುಳುವೇ ಹೊರತು ಚಂದ್ರಿಕೆಯಲ್ಲ. ಜಾಲತಾಣಗಳನ್ನು ರಚಿಸುವವರಿಗೆ ಜಾಂಗೋ ಇಂತಹುದೇ ಒಂದು ಚಂದ್ರಿಕೆ.

ಶಾಲೆಯಾಗಲಿ, ಸಹಕಾರ ಸಂಘವಾಗಲಿ, ಜನರು ವಿವರಗಳನ್ನು ತುಂಬಿ ನೋಡುವಂತಹ ಜಾಲತಾಣವನ್ನು ಮಾಡಿಸಿದರೆ ಕೆಲವು ಕೆಲಸಗಳು ಎಲ್ಲರಿಗೂ ಸಮಾನವಾಗಿರುವುವು. ಬಂದವರನ್ನು ಗುರುತಿಸುವುದು, ವಿವರಗಳನ್ನು ಕ್ರಮವಾಗಿ ಕೂಡಿಡುವುದು, ಕೇಳಿದ ಪುಟವನ್ನು ತೋರುವುದು, ಗುಪ್ತಪದಗಳನ್ನು ಕಳ್ಳರು ಓದಲಾಗದಂತೆ ಮಾರ್ಪಡಿಸಿಡುವುದು ಮುಂತಾದುವು. ಇವನ್ನು ಪ್ರತಿಯೊಬ್ಬರೂ ಮೊದಲಿಂದ ಬರೆಯಹೊರಟರೆ ಕಾಲವೂ ವ್ಯರ್ಥ, ತಪ್ಪುಗಳೂ ಅಧಿಕ. ಜಾಂಗೋ ಇವನ್ನು ಪೈಥಾನ್ ಎಂಬ ಗಣಕಭಾಷೆಯಲ್ಲಿ ಮೊದಲೇ ಬರೆದು ಒದಗಿಸುವುದು.

ಅಮೆರಿಕೆಯ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬವರು 2003ರಲ್ಲಿ ಇದನ್ನು ಆರಂಭಿಸಿದರು. ಸುದ್ದಿಯ ಅವಸರಕ್ಕೆ ತಕ್ಕಂತೆ ಪುಟಗಳು ಬೇಗನೆ ಸಿದ್ಧವಾಗಬೇಕಾಗಿದ್ದುದೇ ಇದಕ್ಕೆ ಕಾರಣ. 2005ರಲ್ಲಿ ಅದರ ಮೂಲಬರಹವನ್ನೇ ಲೋಕಕ್ಕೆ ಉಚಿತವಾಗಿ ಕೊಟ್ಟರು. ಯಾರಾದರೂ ಅದನ್ನು ಓದಬಹುದು, ತಿದ್ದಬಹುದು, ಬಳಸಬಹುದು. ಇದನ್ನೇ ಮುಕ್ತ ತಂತ್ರಾಂಶವೆನ್ನುವರು.

ನಮ್ಮ ನಾಡಿನಲ್ಲಿ ಇದರ ಉಪಯೋಗಕ್ಕೆ ಒಂದು ನಿದರ್ಶನವುಂಟು. 2000ದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಕ್ಷರ ಫೌಂಡೇಷನ್, ‘ಕರ್ನಾಟಕ ಲರ್ನಿಂಗ್ ಪಾರ್ಟ್‌ನರ್‌ಷಿಪ್’ ಎಂಬ ಯೋಜನೆಯ ಜಾಲತಾಣವನ್ನು ಜಾಂಗೋವಿನ ಮೇಲೆಯೇ ಕಟ್ಟಿಸಿ, ಸರ್ಕಾರಿ ಶಾಲೆಗಳ ವಿವರಗಳನ್ನು ಜನರ ಮುಂದಿಟ್ಟಿತು. ತನ್ನ ಮೂಲಬರಹವನ್ನೂ ಬಹಿರಂಗಪಡಿಸಿತು. ಕೂಡಿಡುವ, ತೋರುವ ಭಾರವನ್ನು ಚೌಕಟ್ಟು ಹೊತ್ತುದು. ಶಾಲೆಯ ವಿಷಯದಲ್ಲಿ ಏನನ್ನು ಕೇಳಬೇಕೆಂಬ ವಿವೇಚನೆ ಮಾತ್ರ ಮನುಷ್ಯರಿಗೇ ಉಳಿದುದು.

ಇದರಲ್ಲಿ ನಮ್ಮ ಹುಡುಗಿಯರಿಗೂ ಪಾಲುಂಟು. 2014ರಲ್ಲಿ ಬರ್ಲಿನ್ ನಗರದಲ್ಲಿ ಇಬ್ಬರು ಸ್ತ್ರೀಯರು ‘ಜಾಂಗೋ ಗರ್ಲ್ಸ್’ ಎಂಬ ಉಚಿತ ಶಿಬಿರವನ್ನು ಮೊದಲುಮಾಡಿದರು. ಅಲ್ಲಿ ಏನೂ ಅರಿಯದ ಹೆಂಗಸರಿಗೂ ಮೊದಲ ಪಾಠದಿಂದ ಕಲಿಸುವರು. ಆ ಪಾಠಗಳನ್ನು ಮನೆಯಲ್ಲಿದ್ದುಕೊಂಡೇ ಬೆಲೆಯಿಲ್ಲದೆ ಓದಬಹುದು. ಆದುದರಿಂದ ಈ ವಿದ್ಯೆ ಸಿರಿವಂತರ ಸೊತ್ತೆಂದಾಗಲಿ, ಗಂಡುಮಕ್ಕಳದೆಂದಾಗಲಿ ಮಗಳನ್ನು ತಡೆಯಲು ಕಾರಣವಿಲ್ಲ.

ಆದರೂ ಒಂದು ಮಾತು. ಹುಳು ಸೊರಗಿದ್ದರೆ ಎಂತಹ ಚಂದ್ರಿಕೆಯಲ್ಲಿಯೂ ಒಳ್ಳೆಯ ಗೂಡು ಬಾರದು. ತುಂಬಿದ ವಿವರ ಸುಳ್ಳಾದರೆ ಚೌಕಟ್ಟು ಆ ಸುಳ್ಳನ್ನೇ ಅಂದವಾಗಿ ತೋರುವುದು. ಪರರ ಶ್ರಮದಿಂದ ಉಳಿದ ಹೊತ್ತನ್ನು ಸತ್ಯವನ್ನು ಅರಸುವುದರಲ್ಲಿ ಕಳೆಯುವುದೇ ಆ ಶ್ರಮಕ್ಕೆ ನಾವು ಸಲ್ಲಿಸತಕ್ಕ ಬೆಲೆ.