ಹದ್ದಿನ ಗೂಡಿನೆದುರು ಕ್ಯಾಮರಾ

ಕೋವಿಯನ್ನು ಕೆಳಗಿಟ್ಟು ಕ್ಯಾಮರಾವನ್ನು ಕೈಗೆತ್ತಿಕೊಂಡವನು ಬೇಟೆಯನ್ನು ಬಿಟ್ಟನೆಂದೇ ಲೋಕದ ಎಣಿಕೆ. ನಮ್ಮ ದೇಶದ ಕಾಯಿದೆ ಹಾಗೆ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ, ಕಾಡುಹಕ್ಕಿಯ ಮೊಟ್ಟೆಗಳಿಗಾಗಲಿ ಗೂಡಿಗಾಗಲಿ ತೊಂದರೆ ಕೊಡುವುದೂ ಸೇರಿದೆ. ಗೂಡಿನ ಚಿತ್ರ ತೆಗೆಯಲು ಹೊರಟ ಹವ್ಯಾಸಿಯು ತನಗರಿವಿಲ್ಲದೆಯೇ ಬೇಟೆಗಾರನಾಗಬಹುದು. ಆದುದರಿಂದ ಕ್ಯಾಮರಾದ ವಿದ್ಯೆಯನ್ನು ಕಲಿಯುವುದಕ್ಕೆ ಮೊದಲು ಆತನು ಹಕ್ಕಿಯ ಬಾಳನ್ನು ಅರಿಯಬೇಕು.

ಪಟ್ಟಣದ ಮಾಳಿಗೆಗಳ ಮೇಲೆ ಸುತ್ತುವ ಸಾಮಾನ್ಯ ಹದ್ದಿನ ಮಾತಲ್ಲ ಇದು. ನಮ್ಮ ಕರಾವಳಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಎಂಬ ರಾಜಗಾಂಭೀರ್ಯದ ಪಕ್ಷಿಯೊಂದಿದೆ. ತಲೆ, ಎದೆ, ಹೊಟ್ಟೆ ಶುಭ್ರ ಬಿಳುಪು. ಬೆನ್ನು ಬೂದಿ ಬಣ್ಣ. ಬಿಚ್ಚಿದ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ ಸುಮಾರು 2 ಮೀಟರು. ಮೀನು ಇದರ ಆಹಾರ. ಕಡಲಹಾವೆಂದರೆ ಇನ್ನೂ ಪ್ರೀತಿ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪವು ಇದರ ಗೂಡುಗಳಿಗೆ ಬಹುಕಾಲದಿಂದ ಹೆಸರಾದ ಸ್ಥಳ. ದಡದ ಎತ್ತರವಾದ ಮರಗಳಲ್ಲಿಯೂ ಇದು ಕಡ್ಡಿಗಳನ್ನೊಟ್ಟಿ ದೊಡ್ಡ ಅಟ್ಟಣೆಯಂತಹ ಗೂಡನ್ನು ಕಟ್ಟುತ್ತದೆ. ವರ್ಷವರ್ಷವೂ ಅದಕ್ಕೇ ಮರಳಿ ಬಂದು ಹೊಸ ಕಡ್ಡಿಗಳನ್ನು ಸೇರಿಸುತ್ತದೆ.

ಮಳೆಗಾಲ ಕಳೆದು ಚಳಿ ಮೊದಲಾಗುವ ಹೊತ್ತಿಗೆ ಇಲ್ಲಿ ಗೂಡಿನ ಕೆಲಸ ಆರಂಭವಾಗುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಆರು ವಾರ. ಮರಿ ರೆಕ್ಕೆ ಬಲಿತು ಹಾರಲು ಮತ್ತೆ ಹತ್ತು ವಾರಗಳಷ್ಟು ಕಾಲ ಬೇಕು. ನಾಲ್ಕು ತಿಂಗಳ ಈ ಸಂಸಾರದಲ್ಲಿ ಒಂದು ದಿನದ ಅಚಾತುರ್ಯ ನಡೆದರೂ ಆ ವರ್ಷದ ದುಡಿಮೆಯೆಲ್ಲ ವ್ಯರ್ಥ.

ಎತ್ತಿನ ಹೊಟ್ಟೆಯೊಳಗಿನ ಮನುಷ್ಯ

ಗೂಡಿನ ಚಿತ್ರ ತೆಗೆಯುವ ಕಲೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಯಾರ್ಕ್‌ಷೈರಿನ ಹಳ್ಳಿಯಲ್ಲಿ ಬೆಳೆದ ರಿಚರ್ಡ್ ಮತ್ತು ಚೆರ್ರಿ ಕರ್ಟನ್ ಎಂಬ ಸೋದರರು 1892ರಲ್ಲಿ ಹಾಡುಹಕ್ಕಿಯೊಂದರ ಗೂಡನ್ನು ಮೊಟ್ಟೆಗಳ ಸಮೇತ ಚಿತ್ರಿಸಿದರು. ಮುಂದೆ ಹಕ್ಕಿಗಳ ಸಮೀಪಕ್ಕೆ ಹೋಗಲು ಅವರು ಹೂಡಿದ ಉಪಾಯ ನಗೆ ತರಿಸುವಂತಹದು: ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಅವಿತು ಕುಳಿತರು. ನಮ್ಮ ಮಲೆನಾಡಿನ ಶಿಕಾರಿಯವರು ‘ಮರಸು ಕೂರುವುದು’ ಎನ್ನುತ್ತಾರಲ್ಲ, ಅದನ್ನೇ ಅವರು ಕ್ಯಾಮರಾಕ್ಕಾಗಿ ಮಾಡಿದರು.

ಸ್ಕಾಟ್ಲೆಂಡಿನ ಸೀಟನ್ ಗಾರ್ಡನ್ ಮತ್ತು ಅವರ ಪತ್ನಿ ಆಡ್ರಿ ಅವರು ಮಲೆಸೀಮೆಯ ಹೊಂಬಣ್ಣದ ಹದ್ದುಗಳ ಗೂಡಿನೆದುರು ಇಂತಹುದೇ ಮರೆಯಲ್ಲಿ ಕುಳಿತು ದಿನಗಳನ್ನು ಕಳೆದರು. ಆ ಅನುಭವಗಳ ಪುಸ್ತಕ 1927ರಲ್ಲಿ ಪ್ರಕಟವಾಯಿತು. ಅಮೆರಿಕದ ಓಹಾಯೋದಲ್ಲಿ ಪ್ರಾಧ್ಯಾಪಕ ಫ್ರಾನ್ಸಿಸ್ ಹೆರಿಕ್ ಅವರು 1920ರ ದಶಕದಲ್ಲಿ ಬಿಳಿದಲೆಯ ಹದ್ದನ್ನು ನೋಡಲು ಗೂಡಿನ ಮರದ ಬಳಿ ಉಕ್ಕಿನ ಗೋಪುರವನ್ನೇ ನಿಲ್ಲಿಸಿದರು. ಅವರು ಅಭ್ಯಸಿಸಿದ ಗೂಡುಗಳಲ್ಲೊಂದು ಮೂವತ್ತನಾಲ್ಕು ಮೂವತ್ತೈದು ವರ್ಷ ಬಾಳಿ, 1925ರ ಬಿರುಗಾಳಿಗೆ ಮರದೊಡನೆ ಉರುಳಿದಾಗ ಅದರ ತೂಕ ಎರಡು ಟನ್ನಿನಷ್ಟಿತ್ತೆಂದು ಅಂದಾಜು.

ಇಂತಹ ಕೆಲಸದಲ್ಲಿ ಮನುಷ್ಯನಿಗೂ ಅಪಾಯವಿಲ್ಲದಿಲ್ಲ. ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ ಅವರು 1937ರಲ್ಲಿ ಗೂಬೆಯೊಂದರ ಉಗುರಿಗೆ ಒಂದು ಕಣ್ಣನ್ನೇ ತೆತ್ತರು. ಆದರೂ ಹಕ್ಕಿಗಳನ್ನು ಬಿಡಲಿಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ಈ ಪರಂಪರೆ ಬೇರೂರಿತು. ಓ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತ ಟಿ.ಎನ್.ಎ. ಪೆರುಮಾಳ್ ಅವರು ಮರೆಯಲ್ಲಿ ಕುಳಿತು ತೆಗೆದ ಹಕ್ಕಿಗಳ ಚಿತ್ರಗಳು ದೇಶವಿದೇಶಗಳಲ್ಲಿ ಮನ್ನಣೆ ಪಡೆದವು. ಅಂದಿನ ಕ್ರಮವೇ ತಾಳ್ಮೆಯದು. ಮರೆಯನ್ನು ಒಮ್ಮೆಗೇ ಗೂಡಿನ ಬಳಿ ನಿಲ್ಲಿಸುವಂತಿಲ್ಲ. ದೂರದಲ್ಲಿ ನಿಲ್ಲಿಸಿ, ಹಕ್ಕಿಗೆ ರೂಢಿಯಾದಂತೆಲ್ಲ ದಿನಕ್ಕಿಷ್ಟು ಎಂದು ಮುಂದೆ ಸರಿಸಬೇಕು. ಒಳಹೋಗುವಾಗ ಜೊತೆಗೊಬ್ಬನಿರಬೇಕು. ಇಬ್ಬರು ಒಳಹೊಕ್ಕು ಒಬ್ಬನು ಹೊರಟುಹೋದರೆ, ಹೆಚ್ಚಿನ ಹಕ್ಕಿಗಳು ಅಪಾಯ ಕಳೆಯಿತೆಂದೇ ತಿಳಿದು ಗೂಡಿಗಿಳಿಯುತ್ತವೆ.

ಕಾಲ ಬದಲಾಯಿತು

ಅಂದಿನವರು ಅಷ್ಟು ಸಮೀಪ ಹೋಗಲು ಕಾರಣವಿತ್ತು. ದೂರದಿಂದ ಸೆಳೆಯಬಲ್ಲ ಮಸೂರಗಳು ಅವರಲ್ಲಿರಲಿಲ್ಲ. ಇಂದು 500, 600 ಮಿಲಿಮೀಟರಿನ ಮಸೂರಗಳು ಹವ್ಯಾಸಿಯ ಕೈಗೂ ಎಟಕಿವೆ. ಸಮೀಪ ಹೋಗುವ ಅಗತ್ಯ ಕಡಿಮೆಯಾಯಿತು; ಹೋಗುವವರ ಸಂಖ್ಯೆ ಮಾತ್ರ ಹೆಚ್ಚಿತು. ಒಬ್ಬನು ಮೂರು ವಾರ ಕಾದು ಕೂರುತ್ತಿದ್ದ ಕಡೆಗೆ ಇಂದು ಒಂದೇ ಬೆಳಿಗ್ಗೆ ಹತ್ತು ಮಂದಿ ಬಂದಿಳಿಯಬಹುದು. ಗೂಡಿನ ವಿಳಾಸವು ಕೈಯಿಂದ ಕೈಗೆ ಕ್ಷಣದಲ್ಲಿ ದಾಟಿಹೋಗುತ್ತದೆ.

ಇದರಿಂದ ಆಗುವ ಕೇಡೇನು? ಬೆದರಿದ ತಾಯಿ ಎದ್ದುಹೋದರೆ ಮೊಟ್ಟೆ ಕರಾವಳಿಯ ಉರಿಬಿಸಿಲಿಗೆ ಬೇಯುತ್ತದೆ, ಇಲ್ಲವೆ ಕಾಗೆಯ ಪಾಲಾಗುತ್ತದೆ. ಚಿತ್ರ ಸ್ಪಷ್ಟವಾಗಲೆಂದು ಅಡ್ಡಬಂದ ಕೊಂಬೆಯನ್ನು ಕಡಿದರೆ ಮರಿಗಿದ್ದ ನೆರಳೂ ಹೋಯಿತು, ಮರೆಯೂ ಹೋಯಿತು. ಹಾರಲು ಇನ್ನೂ ಕೆಲವು ದಿನವಿರುವ ಮರಿಯು ಗಾಬರಿಯಿಂದ ಗೂಡಿನಿಂದ ಜಿಗಿದರೆ ನೆಲಕ್ಕೆ ಬೀಳುವುದೇ ಗತಿ. ಈ ಕಾರಣಗಳಿಂದಲೇ ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವ ಛಾಯಾಚಿತ್ರ ಸ್ಪರ್ಧೆಗಳು ಇಂದು ಹಲವು.

ಹಾಗಾದರೆ ಹವ್ಯಾಸಿಯು ಕ್ಯಾಮರಾವನ್ನು ಕಪಾಟಿನಲ್ಲಿಡಬೇಕೆ? ಬೇಕಾಗಿಲ್ಲ. ಗೂಡು ಕಟ್ಟುವ ಮತ್ತು ಕಾವು ಕೂರುವ ಕಾಲದಲ್ಲಿ ಅತ್ತ ಸುಳಿಯದಿರಲಿ; ಆಗ ಹದ್ದು ಗೂಡನ್ನು ತೊರೆಯುವ ಭಯ ಹೆಚ್ಚು. ಮರಿ ದೊಡ್ಡದಾದ ಮೇಲೆ, ಅರಣ್ಯ ಇಲಾಖೆಯ ಹಾಗೂ ತೋಟದ ಒಡೆಯರ ಅನುಮತಿ ಪಡೆದು, ಎದುರಿನ ಗುಡ್ಡದಿಂದಲೋ ದೂರದ ದಡದಿಂದಲೋ ನೋಡಲಿ. ಬೆಳಗಿನ ಬಿಸಿಲು ಬೆನ್ನಿಗಿರಲಿ. ಗೂಡಿನೊಳಗನ್ನು ಇಣುಕುವುದಕ್ಕಿಂತ, ಕಾಲಲ್ಲಿ ಮೀನು ಹಿಡಿದು ಗೂಡಿನತ್ತ ಹಾರಿಬರುವ ಹದ್ದಿಗಾಗಿ ಕಾದರೆ ದೊರಕುವ ಚಿತ್ರ ಹೆಚ್ಚು ಜೀವಂತವಾದುದು. ಹದ್ದು ಎವೆಯಿಕ್ಕದೆ ನಮ್ಮನ್ನೇ ನೋಡತೊಡಗಿದರೆ, ಕೂಗುತ್ತ ತಲೆಯ ಮೇಲೆ ಸುತ್ತಿದರೆ, ತಂದ ಮೀನನ್ನು ಗೂಡಿಗಿಳಿಸದೆ ಹೊರಗೇ ಹಾರಾಡಿದರೆ, ಹೊರಡಬೇಕಾದ ಹೊತ್ತು ಮೀರಿತೆಂದೇ ತಿಳಿಯಬೇಕು. ಗೂಡಿನ ಮೇಲೆ ಡ್ರೋನ್ ಹಾರಿಸುವುದಂತೂ ಕೂಡದು.

ಇನ್ನೊಂದು ಕೆಲಸವನ್ನೂ ಆತನು ಮಾಡಬಹುದು. ಹಕ್ಕಿ ಗೂಡಿಗೆ ಬಂದ ದಿನ, ತಂದ ಆಹಾರ, ಮರಿ ಹಾರಿದ ದಿನ ಇವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಪಕ್ಷಿಶಾಸ್ತ್ರಕ್ಕೆ ಅದು ಚಿತ್ರದಷ್ಟೇ ಉಪಕಾರ. ಗೂಡಿನ ಸ್ಥಳವನ್ನು ಮಾತ್ರ ಗೆಳೆಯರಿಗೂ ಹೇಳದಿರಲಿ.

ಮುಂದಿನ ವರ್ಷ ಮಳೆ ನಿಂತ ಮೇಲೆ ಅದೇ ದೂರದಿಂದ ಆ ಮರವನ್ನು ನೋಡಲಿ. ಗೂಡಿನ ಮೇಲೆ ಹೊಸ ಕಡ್ಡಿಗಳು ಕಾಣಿಸಿದರೆ, ಕಳೆದ ವರ್ಷ ತೆಗೆದ ಚಿತ್ರಗಳನ್ನು ಆತನು ನಿಶ್ಚಿಂತೆಯಿಂದ ನಾಲ್ವರಿಗೆ ತೋರಿಸಬಹುದು.