ಹೊರಬೀಳದ ಅನಿಲವನ್ನು ಅಳೆಯುವುದು ಹೇಗೆ?

ತಕ್ಕಡಿಯಲ್ಲಿರುವ ಅಕ್ಕಿಯನ್ನು ಯಾರಾದರೂ ತೂಗಬಹುದು. ಅಂಗಡಿಗೆ ಬಾರದೆಯೇ ಹೋದ ಅಕ್ಕಿಯನ್ನು ತೂಗುವುದೆಂತು? ಹಂದಿ ಸಾಕಣೆಯ ದೊಡ್ಡ ಕೇಂದ್ರಗಳಿಗೆ ಕಾರ್ಬನ್ ಕ್ರೆಡಿಟ್ ಕೊಡಲು ಹೊರಟವರಿಗೆ ಎದುರಾದದ್ದು ಇಂಥದೇ ಪ್ರಶ್ನೆ.

ಚಿಲಿ, ಬ್ರೆಜಿಲ್, ಮೆಕ್ಸಿಕೊ ಮುಂತಾದ ದೇಶಗಳಲ್ಲಿ ಹಂದಿಯ ಮಲಮೂತ್ರವನ್ನು ನೀರಿನಿಂದ ತೊಳೆದು ಆಳವಾದ ಹೊಂಡಗಳಿಗೆ ಬಿಡುವ ಪದ್ಧತಿಯುಂಟು. ಹೊಂಡದ ತಳಕ್ಕೆ ಗಾಳಿ ತಲುಪದು. ಅಲ್ಲಿ ಆಮ್ಲಜನಕವಿಲ್ಲದೆ ಬಾಳುವ ಸೂಕ್ಷ್ಮಜೀವಿಗಳು ಕಲ್ಮಷವನ್ನು ಕೊಳೆಯಿಸಿ ಮೀಥೇನನ್ನು ಹೊರಡಿಸುತ್ತವೆ. ಹೊಂಡವನ್ನು ಮುಚ್ಚಿ ಆ ಅನಿಲವನ್ನು ಹಿಡಿದು ಉರಿಸಿದರೆ ಭೂಮಿಯ ತಾಪವನ್ನು ಹೆಚ್ಚಿಸುವ ಅದರ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ. 1997ರ ಕ್ಯೋಟೊ ಒಪ್ಪಂದದ ಮೇರೆಗೆ, ಹೀಗೆ ತಡೆದ ಪ್ರತಿಯೊಂದು ಟನ್ನಿಗೂ ಬೆಲೆ ಬಂದಿತು. ಚಿಲಿಯ ಪೆರಾಲಿಲೊ ಎಂಬಲ್ಲಿನ ಯೋಜನೆಯನ್ನು ಆಧರಿಸಿದ ಅಳತೆಯ ವಿಧಾನಕ್ಕೆ 2004ರಲ್ಲಿ ಒಪ್ಪಿಗೆ ದೊರೆಯಿತು.

ಯೋಜನೆ ಇಲ್ಲದಿದ್ದರೆ ಎಷ್ಟು ಮೀಥೇನ್ ಹೊರಬೀಳುತ್ತಿತ್ತು ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಕೊಬ್ಬಿಸುವ ಹಂದಿಯೊಂದರ ಮಲದಲ್ಲಿ ದಿನಕ್ಕೆ ಸುಮಾರು 0.3 ಕಿಲೋಗ್ರಾಂ ಕೊಳೆಯಬಲ್ಲ ಘನಪದಾರ್ಥವಿದೆಯೆನ್ನಿ. ವರ್ಷಕ್ಕೆ ಸುಮಾರು 110 ಕಿಲೋಗ್ರಾಂ. ಪ್ರತಿ ಕಿಲೋಗ್ರಾಮಿನಿಂದ ಹೆಚ್ಚೆಂದರೆ ಎಷ್ಟು ಅನಿಲ ಹುಟ್ಟೀತು? ಹಿಂದುಳಿದ ದೇಶಗಳ ಹಂದಿಗಳಿಗೆ 0.29 ಘನಮೀಟರ್ ಎಂದೂ ಯೂರೋಪಿನವಕ್ಕೆ 0.45 ಎಂದೂ ಕೋಷ್ಟಕಗಳು ಹೇಳುತ್ತವೆ. ಇದರಲ್ಲಿ ಹೊಂಡದಿಂದ ಹೊರಡುವ ಅಂಶ ಹವೆಯನ್ನು ಅವಲಂಬಿಸಿದೆ: ವಾರ್ಷಿಕ ಸರಾಸರಿ ಉಷ್ಣತೆ 20 ಡಿಗ್ರಿಯಾದರೆ ಶೇಕಡ 78, 10 ಡಿಗ್ರಿಯಾದರೆ ಶೇಕಡ 66. ಒಂದು ಘನಮೀಟರ್ ಮೀಥೇನಿನ ತೂಕ 0.67 ಕಿಲೋಗ್ರಾಂ. ಗುಣಿಸಿ ನೋಡಿದರೆ, 20 ಡಿಗ್ರಿಯ ಹವೆಯಲ್ಲಿ ಮೊದಲನೆಯ ಹಂದಿಗೆ ವರ್ಷಕ್ಕೆ ಹದಿನಾರೂವರೆ ಕಿಲೋಗ್ರಾಂ ಮೀಥೇನ್, ಎರಡನೆಯದಕ್ಕೆ ಸುಮಾರು 26. ಮೀಥೇನಿನ ಶಕ್ತಿಯನ್ನು ಇಂಗಾಲದ ಡೈಆಕ್ಸೈಡಿನ 21 ಪಟ್ಟು ಎಂದು ಆಗ ಹಿಡಿದಿದ್ದರು. ಒಂದು ಲಕ್ಷ ಹಂದಿಗಳಿರುವಲ್ಲಿ ಈ ಒಂದು ಅಂಕಿಯ ಆಯ್ಕೆಯಿಂದಲೇ ವರ್ಷಕ್ಕೆ ಸುಮಾರು 19,000 ಟನ್ನುಗಳ ಅಂತರ ಬೀಳುತ್ತದೆ! ಆದುದರಿಂದ, ತಳಿ ಮುಂದುವರಿದ ದೇಶದಿಂದ ಬಂದದ್ದೆಂದೂ ಸೂತ್ರಬದ್ಧ ಮೇವನ್ನು ತಿನ್ನುತ್ತದೆಂದೂ ದಾಖಲೆ ತೋರಿಸಿದವರಿಗೆ ಮಾತ್ರ ದೊಡ್ಡ ಅಂಕಿಯನ್ನು ಬಳಸಲು ಅವಕಾಶವಿತ್ತು. 2013ರಿಂದ 21ರ ಬದಲು 25 ಬಂದಿತು. ಹಂದಿ ಅದೇ, ಅನಿಲ ಅದೇ, ಕ್ರೆಡಿಟ್ ಮಾತ್ರ ಹೆಚ್ಚು.

ಕೊಳವೆಗೊಂದು ಮಾಪಕವನ್ನು ಜೋಡಿಸಿ ಹಿಡಿದ ಅನಿಲವನ್ನೇ ಅಳೆದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. ಮುಚ್ಚಿದ, ಕೆಲವೊಮ್ಮೆ ಕಾಯಿಸಿದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ತೆರೆದ ಹೊಂಡಕ್ಕಿಂತ ಹೆಚ್ಚು ಮೀಥೇನನ್ನು ಹುಟ್ಟಿಸಬಲ್ಲವು. ಆ ಹೆಚ್ಚಳ ವಾಯುಮಂಡಲಕ್ಕೆ ಎಂದೂ ಹೋಗುತ್ತಿರಲಿಲ್ಲ. ಅದನ್ನು ತಡೆದೆವೆಂದು ಹಣ ಕೇಳುವುದು ನ್ಯಾಯವಲ್ಲ. ಹಾಗೆಂದು ಕೋಷ್ಟಕದ ಲೆಕ್ಕವನ್ನೇ ನಂಬಿದರೆ, ಹರಿದ ಹೊದಿಕೆಯಿಂದ ಸೋರಿಹೋದ ಅನಿಲಕ್ಕೂ ಹಣ ಕೊಟ್ಟಂತಾಗುತ್ತದೆ. ಆದಕಾರಣ ಸಣ್ಣ ಯೋಜನೆಗಳ ನಿಯಮವು ಎರಡೂ ಲೆಕ್ಕಗಳನ್ನು ಮಾಡಿಸಿ, ಕಡಿಮೆ ಬಂದುದನ್ನೇ ಸ್ವೀಕರಿಸುತ್ತದೆ. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ವಿವೇಕದ ಮಾತೆಂದು ತೋರಿದ್ದು ಇದೇ.

ಉರಿಸುವಲ್ಲಿಯೂ ತಪಾಸಣೆಯುಂಟು. ತೆರೆದ ಜ್ವಾಲೆ ಅರ್ಧದಷ್ಟು ಮೀಥೇನನ್ನು ಮಾತ್ರ ಸುಡುತ್ತದೆಂದು ಎಣಿಸುತ್ತಾರೆ. ಒಲೆಯಂತೆ ಮುಚ್ಚಿದ್ದರೆ ಶೇಕಡ 90. ಆದರೆ ಮುಚ್ಚಿದ ಒಲೆಯ ಉಷ್ಣತೆ ಒಂದು ಗಂಟೆಯೊಳಗೆ 20 ನಿಮಿಷಕ್ಕಿಂತ ಹೆಚ್ಚು ಕಾಲ 500 ಡಿಗ್ರಿಗಿಂತ ಕೆಳಗಿತ್ತೆಂದರೆ, ಆಗಿನ ನಿಯಮದಂತೆ ಆ ಗಂಟೆಯ ಲೆಕ್ಕ ಸೊನ್ನೆಯಾಗುತ್ತಿತ್ತು. ಮಾಪಕಗಳು ಕೆಟ್ಟವು, ಹೊದಿಕೆಗಳು ಹರಿದವು, ಜ್ವಾಲೆಗಳು ನಂದಿದವು; ಬ್ರೆಜಿಲ್ ಮತ್ತು ಮೆಕ್ಸಿಕೊಗಳ ಅನೇಕ ಕೇಂದ್ರಗಳಿಗೆ ದೊರೆತ ಕ್ರೆಡಿಟ್‌ಗಳು ಮೊದಲ ಅಂದಾಜಿಗಿಂತ ಎಷ್ಟೋ ಕಡಿಮೆಯಾದವು.