ಜಾಮೀನಿನ ಜಾಡು ಹಿಡಿದು ಮೀರತ್‌ಗೆ

ಗಂಭೀರ ಪ್ರಕರಣದ ಆರೋಪಿಗೆ ಮ್ಯಾಜಿಸ್ಟ್ರೇಟರು ಜಾಮೀನು ನಿರಾಕರಿಸಿದರೆ ವಕೀಲರು ಎದೆಗುಂದುವುದಿಲ್ಲ. ‘ಸೆಷನ್ಸ್‌ನಲ್ಲಿ ಹಾಕೋಣ, ಅಲ್ಲೂ ಆಗದಿದ್ದರೆ ಹೈಕೋರ್ಟ್ ಇದೆಯಲ್ಲ’ ಎಂದು ಮನೆಯವರಿಗೆ ಧೈರ್ಯ ಹೇಳುತ್ತಾರೆ. ಈ ಧೈರ್ಯಕ್ಕೆ ಆಧಾರವಾದ ತೀರ್ಪುಗಳನ್ನು ಹುಡುಕುತ್ತ ಹಿಂದೆ ಹೋದರೆ ಸಿಗುವುದು ಮೀರತ್ ಒಳಸಂಚು ಪ್ರಕರಣ.

1929ರ ಮಾರ್ಚ್ 20ರಂದು ದೇಶದ ಹಲವೆಡೆ ಪೊಲೀಸರು ಕಾರ್ಮಿಕ ಮುಖಂಡರನ್ನು ಹಿಡಿದರು. ಡಾಂಗೆ, ಮುಜಫ್ಫರ್ ಅಹ್ಮದ್, ಜೋಗಳೇಕರ್ ಅವರೊಂದಿಗೆ ಫಿಲಿಪ್ ಸ್ಪ್ರಾಟ್, ಬೆನ್ ಬ್ರಾಡ್ಲಿ ಎಂಬ ಇಬ್ಬರು ಇಂಗ್ಲಿಷರೂ ಸಿಕ್ಕಿಬಿದ್ದರು. ಕೆಲವು ತಿಂಗಳ ಬಳಿಕ ಲೆಸ್ಟರ್ ಹಚಿನ್‌ಸನ್ ಎಂಬ ಪತ್ರಕರ್ತನ ಸರದಿ. ಚಕ್ರವರ್ತಿಯ ಪ್ರಭುತ್ವ ಕಿತ್ತೊಗೆಯಲು ಸಂಚು ಮಾಡಿದರೆಂಬುದು ಆರೋಪ. ದಂಡ ಸಂಹಿತೆಯ 121ಎ ಕಲಂ. ಬಹುತೇಕರಿಗೆ ಮೀರತ್‌ನ ನಂಟೇ ಇರಲಿಲ್ಲ. ಮುಂಬೈಯಲ್ಲೋ ಕಲ್ಕತ್ತದಲ್ಲೋ ವಿಚಾರಣೆ ನಡೆದರೆ ಜ್ಯೂರಿ ಕೂರಬೇಕಿತ್ತು, ಮೀರತ್‌ನಲ್ಲಿ ಆ ತೊಡಕಿಲ್ಲ. ಯಾವ ಊರಿನ ಕೋರ್ಟು ಎಂಬುದನ್ನು ಆರಿಸಿಕೊಂಡೇ ಸರ್ಕಾರ ತನ್ನ ಹಾದಿ ಸುಗಮ ಮಾಡಿಕೊಂಡಿತ್ತು. ಈ ಅನ್ಯಾಯವನ್ನು ಓದುವಾಗ ಇಂದಿಗೂ ಮೈ ಉರಿಯುತ್ತದೆ.

ಆಗ ಜಾರಿಯಲ್ಲಿದ್ದದ್ದು 1898ರ ದಂಡ ಪ್ರಕ್ರಿಯಾ ಸಂಹಿತೆ. ಮರಣದಂಡನೆ ಅಥವಾ ಜೀವಾವಧಿ ಗಡೀಪಾರಿನ ಅಪರಾಧವನ್ನು ಆರೋಪಿ ಎಸಗಿದ್ದಾನೆಂದು ನಂಬಲು ಕಾರಣಗಳಿದ್ದರೆ ಬಿಡುವಂತಿಲ್ಲ ಎನ್ನುತ್ತಿತ್ತು 497ನೇ ಕಲಂ. ಅದರ ಬೆನ್ನಿಗೇ ಇದ್ದ 498, ಯಾವುದೇ ಪ್ರಕರಣದಲ್ಲಿ ಹೈಕೋರ್ಟ್ ಅಥವಾ ಸೆಷನ್ಸ್ ನ್ಯಾಯಾಲಯ ಜಾಮೀನು ಕೊಡಿಸಬಹುದು ಎಂದಿತ್ತು. ಹಾಗಾದರೆ ಮೊದಲ ಕಲಮಿನ ಕಟ್ಟು ಎರಡನೆಯದಕ್ಕೂ ತಗಲುತ್ತದೆಯೇ?

1931ರಲ್ಲಿ ಹಚಿನ್‌ಸನ್ ಮತ್ತು ಜೋಗಳೇಕರ್ ಅವರ ಅರ್ಜಿಗಳು ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದವು. 498ರ ಅಧಿಕಾರ ವಿಶಾಲವಾದದ್ದು, 497ರ ನಿರ್ಬಂಧ ಅದಕ್ಕಿಲ್ಲ ಎಂಬುದು ಜೋಗಳೇಕರ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ಹಚಿನ್‌ಸನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಮುಖರ್ಜಿ ಇನ್ನೂ ಮುಂದೆ ಹೋದರು. ಇಂಥ ಅಪರಾಧಕ್ಕೆ ಜಾಮೀನು, ಇಂಥದ್ದಕ್ಕೆ ಇಲ್ಲ ಎಂದು ಗೆರೆ ಎಳೆಯುವುದೇ ಅಪಾಯಕಾರಿ; ಜಾಮೀನು ಕೊಡುವುದು ನಿಯಮ, ನಿರಾಕರಣೆ ಅಪವಾದ; ಹೊರಗಿರುವವನು ತನ್ನ ಪ್ರಕರಣವನ್ನು ಒಳಗಿರುವವನಿಗಿಂತ ಚೆನ್ನಾಗಿ ನಡೆಸಬಲ್ಲ ಎಂದರು. ಸಾಮ್ರಾಜ್ಯವನ್ನೇ ಉರುಳಿಸಲು ಹೊರಟವರೆಂದು ಸರ್ಕಾರ ಕರೆದವರ ಅರ್ಜಿಯ ಮೇಲೆ, ಅದೇ ಸಾಮ್ರಾಜ್ಯದ ನ್ಯಾಯಪೀಠದಿಂದ ಬಂದ ಮಾತಿದು. 1933ರ ಜನವರಿಯಲ್ಲಿ ಸೆಷನ್ಸ್ ನ್ಯಾಯಾಲಯ ಹಚಿನ್‌ಸನ್‌ಗೆ ಶಿಕ್ಷೆ ವಿಧಿಸಿತು. ಆಗಸ್ಟ್‌ನಲ್ಲಿ ಹೈಕೋರ್ಟ್ ಆತನನ್ನು ನಿರ್ದೋಷಿ ಎಂದಿತು.

ಸ್ವಾತಂತ್ರ್ಯ ಬಂತು. 1973ರ ಸಂಹಿತೆಯಲ್ಲಿ ಆ ಕಲಮುಗಳು 437, 439 ಆದವು. ನಡುವೆ 438 ಆಗಿ ನಿರೀಕ್ಷಣಾ ಜಾಮೀನು ಸೇರಿತು. 1980ರಲ್ಲಿ ಗುರ್ಬಕ್ಷ್ ಸಿಂಗ್ ಸಿಬ್ಬಿಯಾ ಪ್ರಕರಣ ತೀರ್ಮಾನಿಸಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮೀರತ್ ಪ್ರಕರಣದ ಆ ಎರಡೂ ಆದೇಶಗಳನ್ನು ಗೌರವದಿಂದ ಸ್ಮರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 439 ಈಗ 483.

ಸಂಖ್ಯೆ ಬದಲಾದದ್ದಕ್ಕೆ ನನ್ನ ತಕರಾರಿಲ್ಲ. ಸಂಕಟವಾಗುವುದು ವಿಶೇಷ ಕಾಯ್ದೆಗಳು ಆ ಅಧಿಕಾರವನ್ನು ಕತ್ತರಿಸುತ್ತ ಬಂದದ್ದಕ್ಕೆ. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಪ್ರಕರಣಗಳಲ್ಲಿ 439ರಡಿ ಜಾಮೀನು ಕೊಡುವ ಅಧಿಕಾರ ಹೈಕೋರ್ಟಿಗೆ ಇಲ್ಲವೆಂದು 1988ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. 2008ರ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಕಾಯ್ದೆ ಬಂದ ಮೇಲೆ ಆ ಕಾಯ್ದೆಯ ಪ್ರಕರಣಗಳಲ್ಲಿ ಆರೋಪಿ ನೇರವಾಗಿ ಹೈಕೋರ್ಟಿಗೆ ಜಾಮೀನು ಅರ್ಜಿ ಹಾಕುವಂತಿಲ್ಲ. ವಿಶೇಷ ನ್ಯಾಯಾಲಯದಲ್ಲಿ ಸೋತು, ಮೇಲ್ಮನವಿಯಾಗಿ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಗಬೇಕು. ಅದೇ ವರ್ಷ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೆ (ಯುಎಪಿಎ) ಸೇರಿದ 43ಡಿ(5) ಇನ್ನೂ ಬಿಗಿ: ಪೊಲೀಸರ ಕಡತ ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಬಿಡುಗಡೆ ಇಲ್ಲ. 1898ರಲ್ಲಿ ಕೆಳಗಿನ ಕೋರ್ಟುಗಳಿಗಷ್ಟೇ ಇದ್ದಂಥ ಕಟ್ಟು ಈಗ ಮೇಲಿನವಕ್ಕೂ ಬಿತ್ತು.

2021ರಲ್ಲಿ ಕೇರಳದ ಯುಎಪಿಎ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಶೀಘ್ರ ವಿಚಾರಣೆಯ ಹಕ್ಕು ಮುರಿದುಬಿದ್ದಾಗ ಈ ಕಲಂ ಸಾಂವಿಧಾನಿಕ ನ್ಯಾಯಾಲಯಗಳ ಕೈ ಕಟ್ಟಲಾರದು ಎಂದು ಹೇಳಿ, ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಆ ಆರೋಪಿ ವಿಚಾರಣೆ ಮುಗಿಯದೆಯೇ ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಾಗಿತ್ತು.